ಬೋಡಿಯಂ ಕಂದಕ ಸುರಂಗ ತಡೆಯಲೇ ಇತ್ತೇ?

ಇಂಗ್ಲೆಂಡಿನ ಬೋಡಿಯಂ ಕೋಟೆಯ ಕಂದಕ ನಿಜವಾದ ರಕ್ಷಣೆಯೇ, ಬರೀ ಅಲಂಕಾರವೇ ಎಂದು ಕೇಳಿದ್ದೀರಿ. ಎರಡೂ ಹೌದು. 1385ರಲ್ಲಿ ಅನುಮತಿ ಸಿಕ್ಕ ಈ ಕೋಟೆಯ ಕಂದಕಕ್ಕೆ ಒರತೆಗಳೇ ನೀರುಣಿಸುತ್ತವೆ. ಸರಾಸರಿ ಆಳ ಸುಮಾರು 1.5 ಮೀಟರ್ ಅಷ್ಟೇ. ಆದರೂ ಗೋಡೆಯ ಬುಡಕ್ಕೆ ಸುರಂಗ ತೋಡಲು ಹೊರಟರೆ ನೀರು ಒಳನುಗ್ಗುತ್ತದೆ. ಏಣಿ, ದಿಮ್ಮಿ ಹೊತ್ತು ಹತ್ತಿರ ಬರುವುದೂ ಕಷ್ಟ.

ನಿಜವಾದ ಜಾಣ್ಮೆ ದಾರಿಯಲ್ಲಿದೆ. ಮೊದಲಿನ ಮರದ ಸೇತುವೆ ನೇರ ಬಾಗಿಲಿಗೆ ಹೋಗದೆ, ಪಶ್ಚಿಮ ದಂಡೆಯಿಂದ ಎಂಟು ಮೂಲೆಯ ನಡುಗಡ್ಡೆಗೆ ಬಂದು ಅಲ್ಲಿ ಬಲಕ್ಕೆ ತಿರುಗುತ್ತಿತ್ತು. ಎಡಗೈಯಲ್ಲಿ ಗುರಾಣಿ ಹಿಡಿದವನ ಬಲ ಪಕ್ಕ ಅಲ್ಲಿವರೆಗೂ ಕೋಟೆಗೆ ಬಯಲು! ಕಂದಕದ ದುರ್ಬಲತೆ ನೀರು ತಡೆದು ನಿಲ್ಲಿಸುವ ಮಣ್ಣಿನ ಏರಿ: ಅದನ್ನು ಕಡಿದರೆ ನೀರು ಖಾಲಿ. ಅಂದಹಾಗೆ, 28 ಶೌಚದ ಕಿಂಡಿಗಳು ಈ ಕಂದಕಕ್ಕೇ ತೆರೆದುಕೊಂಡಿದ್ದವು.