ದಾವಣಗೆರೆಯ ಹಿರಿಯರಿಗೆ ರೇಡಿಯೊ ಎಂದರೆ ಭದ್ರಾವತಿಯೇ ಏಕೆ? ಚಿತ್ರದುರ್ಗ ಎಫ್‌ಎಂ ಎಲ್ಲ ಊರಲ್ಲೂ ಏಕೆ ಹಿಡಿಯುವುದಿಲ್ಲ?

ಕಾರಣ ಅಲೆಯ ಸ್ವಭಾವದಲ್ಲಿದೆ. ಆಕಾಶವಾಣಿಯ ಭದ್ರಾವತಿ ಕೇಂದ್ರ 1965ರಲ್ಲಿ ಆರಂಭವಾಯಿತು. ಅದರ 675 ಕಿಲೋಹರ್ಟ್ಸ್ ಮಧ್ಯಮ ತರಂಗ ನೆಲಕ್ಕೆ ಅಂಟಿಕೊಂಡು, ಗುಡ್ಡ ಸುತ್ತಿ ಸಾಗುತ್ತದೆ. ಹಾಗಾಗಿ ಶಿವಮೊಗ್ಗ, ಚಿತ್ರದುರ್ಗ ಎರಡೂ ಸೀಮೆಯವರು ಒಂದೇ ಕೃಷಿ ಮಾತು, ಒಂದೇ ಸೋಬಾನೆ ಪದ ಕೇಳಿದರು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಯಿತು, ಆದರೆ ಅಲೆಗೆ ಗಡಿ ಇರಲಿಲ್ಲ. ನಮ್ಮ ಕಡೆಯ ಮಾತಿನ ಧಾಟಿಯೇ ಪೆಟ್ಟಿಗೆಯಿಂದ ಕೇಳಿಬಂದದ್ದು ಸಣ್ಣ ಸಂಗತಿಯಲ್ಲ.

ರಾತ್ರಿ ಮಾತ್ರ ಮಧ್ಯಮ ತರಂಗದಲ್ಲಿ ಗೊರಗೊರ ಹೆಚ್ಚು. ಹಗಲು ಅಲೆಗಳನ್ನು ಹೀರುವ ಮೇಲಿನ ವಾಯುಪದರ ಸೂರ್ಯ ಮುಳುಗಿದ ಮೇಲೆ ಕರಗುತ್ತದೆ, ದೂರದ ಕೇಂದ್ರಗಳೂ ಬಂದು ಮೇಲೆ ಬೀಳುತ್ತವೆ. ಸೆಟ್ಟಿನೊಳಗೆ ಅಲೆ ಹಿಡಿಯುವ ಫೆರೈಟ್ ಕಡ್ಡಿಯ ತುದಿ ಕೇಂದ್ರದತ್ತ ಇದ್ದರೆ ಧ್ವನಿ ಸಾಯುತ್ತದೆ. ದಾವಣಗೆರೆಯಿಂದ ಭದ್ರಾವತಿ ದಕ್ಷಿಣಕ್ಕಿದೆ, ಆದ್ದರಿಂದ ಕಡ್ಡಿಯನ್ನು ಪೂರ್ವ-ಪಶ್ಚಿಮವಾಗಿಡಿ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಆರಿಸಿ ನೋಡಿ. ಎಷ್ಟೋ ಸಲ ತಪ್ಪು ಅವುಗಳದ್ದೇ.

ಚಿತ್ರದುರ್ಗದ 102.6 ಮೆಗಾಹರ್ಟ್ಸ್ ಹಾಗಲ್ಲ, ಅದು ಹೆಚ್ಚುಕಡಿಮೆ ನೇರ ದೃಷ್ಟಿಯಲ್ಲಿ ಹೋಗುತ್ತದೆ. ಬಂಡೆಗುಡ್ಡದ ಹಿಂದಿನ ಹಳ್ಳಿ ನೆರಳಲ್ಲಿ ಉಳಿಯುತ್ತದೆ. ಅಲೆಯುದ್ದ ಸುಮಾರು 2.9 ಮೀಟರ್. ಆಂಟೆನಾ ಮಾಡಲು ಅದರ ಸುಮಾರು ಕಾಲುಭಾಗ, ಅಂದರೆ 70 ಸೆಂಟಿಮೀಟರಿನ ಎರಡು ತಂತಿಗಳನ್ನು ಒಂದೇ ಗೆರೆಯಲ್ಲಿ, ತುದಿಗಳು ತಾಗದಂತೆ ಕಟ್ಟಿ, ಸೆಟ್ಟಿಗೆ ಹೋಗುವ ಕೇಬಲ್ಲಿನ ಒಳತಂತಿಯನ್ನು ಒಂದಕ್ಕೆ, ಜಾಲರಿಯನ್ನು ಇನ್ನೊಂದಕ್ಕೆ ಬೆಸೆಯಿರಿ. ಮಾಳಿಗೆ ಮೇಲೆ, ತಗಡಿನ ಶೀಟಿನಿಂದ ದೂರ ಏರಿಸಿ. ಬೆಸುಗೆಗೆ ಮಳೆನೀರು ಇಳಿದರೆ ತಾಮ್ರ ಕಿಲುಬುಗಟ್ಟಿ ಧ್ವನಿ ಕುಂದುತ್ತದೆ, ಟೇಪು ಬಿಗಿಯಾಗಿ ಸುತ್ತಿ.