1847ರಲ್ಲಿ ಒರೆಗಾನ್‌ಗೆ ಬಂದವರ ಮೂಲ: ಜಮೀನಿನ ಕಡತ ನೋಡಿ

ನಿಮ್ಮ ಮನೆಯವರ ಹಿರಿಯರು 1847ರಲ್ಲಿ ಅಮೆರಿಕದ ಮಿಸೌರಿಯಿಂದ ಎತ್ತಿನಗಾಡಿ ಕಟ್ಟಿಕೊಂಡು ಪಶ್ಚಿಮದ ಒರೆಗಾನ್‌ಗೆ ಬಂದರು, ಆದರೆ ಅವರಲ್ಲಿದ್ದ ಅಜ್ಜಿಯ ತವರು ಮನೆತನ ಯಾವುದು ಅಂತ ಸಿಗುತ್ತಿಲ್ಲ ಅಂದಿದ್ದೀರಿ, ಅಲ್ವಾ? ಸುಮ್ನೆ ಹಳೇ ಜನಗಣತಿ ಕೆದಕುತ್ತಾ ಕೂರಬೇಡಿ. 1850ಕ್ಕೆ ಮುಂಚಿನದರಲ್ಲಿ ಯಜಮಾನನ ಹೆಸರು ಮಾತ್ರ, ಹೆಂಡತಿ ಮಕ್ಕಳು ಬರೀ ತಲೆಲೆಕ್ಕ.

ಒರೆಗಾನ್‌ನಲ್ಲಿ ನೆಲೆಸಿದವರಿಗೆ ಸರ್ಕಾರ ಪುಕ್ಕಟೆ ಜಮೀನು ಕೊಟ್ಟ 1850ರ ಡೊನೇಷನ್ ಲ್ಯಾಂಡ್ ಕ್ಲೇಮ್ ಕಾಯ್ದೆಯ ಕಡತ ತರಿಸಿ, ಅದು ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಆ ವರ್ಷದ ಡಿಸೆಂಬರ್ 1ರೊಳಗೆ ನೆಲೆಸಿದ್ದ ಒಂಟಿ ಗಂಡಸಿಗೆ 320 ಎಕರೆ, ಮದುವೆಯಾಗಿದ್ದರೆ 640, ಅದರಲ್ಲಿ ಅರ್ಧ ಹೆಂಡತಿಯ ಹೆಸರಿಗೇ. ಹಾಗಾಗಿ ಮದುವೆ ಯಾವಾಗ, ಎಲ್ಲಿ ಆಯ್ತು ಅನ್ನೋದನ್ನ ಅರ್ಜಿಯಲ್ಲಿ ಬರೆಸುತ್ತಿದ್ದರು, ಜೊತೆಗೆ ಅರ್ಜಿದಾರ ಹುಟ್ಟಿದ ಜಾಗವೂ ಇರುತ್ತದೆ. ಮದುವೆಯಾದ ಕೌಂಟಿ (ಅಲ್ಲಿನ ಜಿಲ್ಲೆ) ಗೊತ್ತಾದರೆ ಅಲ್ಲಿನ ಮದುವೆ ರಿಜಿಸ್ಟರ್‌ನಲ್ಲಿ ಅಜ್ಜಿಯ ತವರಿನ ಹೆಸರು ಹುಡುಕಬಹುದು.

ಇನ್ನೊಂದು ವಿಷಯ, ಕಡತದಲ್ಲಿ ಸಾಕ್ಷಿ ಹೇಳಿದ ಅಕ್ಕಪಕ್ಕದವರ ಹೆಸರುಗಳನ್ನೂ ಬರೆದಿಟ್ಟುಕೊಳ್ಳಿ. ನೆಂಟರು, ಊರಿನವರು ಒಟ್ಟಿಗೇ ಗಾಡಿ ಹೊರಡಿಸುತ್ತಿದ್ದ ಕಾಲ ಅದು, ಆ ಸಾಕ್ಷಿಗಳಲ್ಲೊಬ್ಬ ಅಜ್ಜಿಯ ತಮ್ಮನೇ ಆಗಿರಬಹುದು! ಆನ್‌ಲೈನ್ ವಂಶವೃಕ್ಷಗಳನ್ನ ಮಾತ್ರ ಕಣ್ಣುಮುಚ್ಚಿ ನಂಬಬೇಡಿ, ಒಬ್ಬರ ತಪ್ಪನ್ನ ಹತ್ತು ಜನ ನಕಲು ಮಾಡಿರುತ್ತಾರೆ.