ಕ್ಲಿಕ್ ವಾದಕರಿಗೆ ಮಾತ್ರ ಕೇಳಿಸಬೇಕೆಂದರೆ

ಪ್ರಶ್ನೆ: ಮನೆಯ ಸ್ಟುಡಿಯೋದಲ್ಲಿ ಭಾವಗೀತೆ ಧ್ವನಿಮುದ್ರಿಸುವಾಗ ಕ್ಲಿಕ್ (ಲಯ ಹಿಡಿಯಲು ಕೇಳಿಸುವ ಟಿಕ್ ಟಿಕ್ ಸದ್ದು) ತಬಲಾ ವಾದಕರಿಗಷ್ಟೇ ಕೇಳಿಸಬೇಕು, ನನ್ನ ಸ್ಪೀಕರ್‌ಗಳಲ್ಲಿ ಬರಬಾರದು. ಯಾವ ಬಗೆಯ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಮೈಕ್, ಸ್ಪೀಕರ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಸಾಧನ) ಕೊಳ್ಳಲಿ?

ಉತ್ತರ: ಔಟ್‌ಪುಟ್‌ಗಳ ಸಂಖ್ಯೆಗಿಂತ ಮೊದಲು, ಹೆಡ್‌ಫೋನ್ ಜ್ಯಾಕ್‌ನಲ್ಲಿ ಯಾವ ಚಾನೆಲ್‌ಗಳು ಕೇಳಿಸುತ್ತವೆ ಎಂಬುದನ್ನು ಕೈಪಿಡಿಯಲ್ಲಿ ನೋಡಿರಿ, ಕಡಿಮೆ ಬೆಲೆಯ ಅನೇಕ ಇಂಟರ್‌ಫೇಸ್‌ಗಳಲ್ಲಿ ಅದು ಸ್ಪೀಕರ್‌ಗಳಿಗೆ ಹೋಗುವ 1 ಮತ್ತು 2ನೇ ಔಟ್‌ಪುಟ್‌ಗಳ ನಕಲಷ್ಟೇ ಆಗಿರುತ್ತದೆ. ನಿಮಗೆ ನಾಲ್ಕು ಸ್ವತಂತ್ರ ಔಟ್‌ಪುಟ್‌ಗಳು ಬೇಕು. ಮೋಟು ಎಂ4, ಫೋಕಸ್‌ರೈಟ್ ಸ್ಕಾರ್ಲೆಟ್ 4ಐ4 ಇಂಥವು. 3 ಮತ್ತು 4ನೇ ಔಟ್‌ಪುಟ್‌ಗಳಿಗೆ ಪ್ರತ್ಯೇಕ ಹೆಡ್‌ಫೋನ್ ಆಂಪ್ಲಿಫೈಯರ್ ಜೋಡಿಸಿ, ಸಾಫ್ಟ್‌ವೇರ್‌ನಲ್ಲಿ ಕ್ಲಿಕ್ಕನ್ನು ಅಲ್ಲಿಗೆ ಮಾತ್ರ ಕಳುಹಿಸಿರಿ. ಯುಎಸ್‌ಬಿ 2.0 ಸಾಲದೆಂದು ಅಂಗಡಿಯವರು ಹೇಳಿದರೆ ನಂಬಬೇಡಿರಿ: 24 ಬಿಟ್, 48 ಕಿಲೋಹರ್ಟ್ಸ್‌ನ ಒಂದು ಚಾನೆಲ್‌ಗೆ ಸೆಕೆಂಡಿಗೆ ಸುಮಾರು 1.15 ಮೆಗಾಬಿಟ್ ಬೇಕು, ಯುಎಸ್‌ಬಿ 2.0ರ ಗರಿಷ್ಠ ವೇಗ 480. ವಿಂಡೋಸ್ ಬಳಸುವವರಾದರೆ ತಯಾರಕರದೇ ಎಎಸ್‌ಐಒ ಡ್ರೈವರ್ (ಧ್ವನಿ ತಡವಾಗದಂತೆ ಸಾಗಿಸುವ ತಂತ್ರಾಂಶ) ಇರುವುದನ್ನೇ ಆರಿಸಿರಿ.